ಒಂದು ಪಿಜ್ಜಾಕ್ಕೆ ಎಷ್ಟು ಹೊತ್ತಿನ ದುಡಿಮೆ

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು ಸರಿ, ಅವಳಿಗಿಂತ ಆರು ವರ್ಷಕ್ಕೆ ದೊಡ್ಡವನಾದ ಮ್ಯಾನೇಜರ್ ಕೂಡ ಅಕ್ಕ ಎನ್ನುತ್ತಿದ್ದ. ಹಿಟ್ಟು ನಾದುವವನೊಬ್ಬ ಮಾತ್ರ ಮೊದಮೊದಲು 'ಮೇಡಂ' ಎಂದು ನೋಡಿದ. ಆ ಮಾತಿಗೆ ಅವಳು ತಿರುಗಿಯೂ ನೋಡದಿದ್ದಾಗ ಅವನೂ ಎಲ್ಲರ ದಾರಿಗೇ ಬಂದ.

ಅವಳು ಅಲ್ಲಿಗೆ ಸೇರಿದ್ದು ನಲವತ್ಮೂರನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಶಾಲಾ ಮಕ್ಕಳ ನೋಟ್‌ಬುಕ್ಕುಗಳಿಗೆ ಹೊಲಿಗೆ ಹಾಕಿದ್ದಳು. ಒಂದು ಸೋಮವಾರ ಹೋದರೆ ಬಾಗಿಲಿಗೆ ಬೀಗ, ಒಳಗಿನ ಮಿಷಿನ್ನುಗಳು ಆಗಲೇ ಯಾರದೋ ಲಾರಿ ಹತ್ತಿ ಹೋಗಿದ್ದವು. ಮಾಲೀಕ ಎಲ್ಲಿ ಹೋದನೆಂದು ಯಾರಿಗೂ ಪತ್ತೆಯಿರಲಿಲ್ಲ. ಎರಡು ತಿಂಗಳು ಊರೆಲ್ಲ ಸುತ್ತಿ, ನಲವತ್ತು ದಾಟಿದ ಹೆಂಗಸಿಗೆ ಕೆಲಸ ಕೊಡುವಷ್ಟು ಪುರುಸೊತ್ತು ಯಾರಿಗೂ ಇಲ್ಲವೆಂಬುದು ಗೊತ್ತಾದ ಮೇಲೆ, ಪಿಜ್ಜಾ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದ 'ಬೇಕಾಗಿದ್ದಾರೆ' ಎಂಬ ಚೀಟಿ ಓದಿ ಒಳಗೆ ಹೋದಳು.

ಮ್ಯಾನೇಜರ್ ಅವಳ ನರೆತ ಮುಂಗೂದಲನ್ನು ನೋಡಿ, ಕೆಲಸ ಮಗನಿಗಾ ಎಂದು ಕೇಳಿದ. ನನಗೇ ಎಂದಳು. ಗಾಡಿ ಓಡಿಸಿ ಅಭ್ಯಾಸ ಇದೆಯಾ ಎಂದ. ತನ್ನ ಅಪ್ಪ ಬಸ್ ಡ್ರೈವರ್ ಆಗಿದ್ದವರೆಂದೂ ಹನ್ನೆರಡನೆಯ ವಯಸ್ಸಿಗೇ ತನಗೆ ಕ್ಲಚ್ಚು ಬ್ರೇಕು ಎಲ್ಲ ಗೊತ್ತಿತ್ತೆಂದೂ ಹೇಳಿದಳು. ನಮ್ಮ ಸ್ಕೂಟರಿಗೆ ಕ್ಲಚ್ಚೇ ಇಲ್ಲವಲ್ಲ ಎಂದು ಅವನು ನಕ್ಕ. ಹಾಗಾದರೆ ಕೆಲಸ ಇನ್ನೂ ಸುಲಭವಾಯಿತು ಎಂದಳು. ಮರುದಿನದಿಂದ ಕೆಂಪು ಟೀ ಶರ್ಟು, ಬೆನ್ನಿಗೆ ಚೌಕಾಕಾರದ ಬಿಸಿ ಚೀಲ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಪ್ಪ, ಇಬ್ಬರೇ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿ, ನಿವೃತ್ತಿಯಾದ ಮರುವರ್ಷವೇ ಪಾರ್ಶ್ವವಾಯು ಬಡಿದು ಕೂತುಬಿಟ್ಟಿದ್ದರು. ಯಾರಾದರೂ ಹೇಗಿದ್ದೀರಿ ಎಂದರೆ, 'ಎಡಗಡೆ ಎರಡೂ ಟೈರು ಪಂಕ್ಚರ್, ಇಂಜಿನ್ ಕಂಡೀಶನ್ನಲ್ಲಿದೆ' ಎನ್ನುತ್ತಿದ್ದರು. ಮೆಟ್ಟಿಲು ಇಳಿಯಲು ಆಗದ್ದರಿಂದ ದಿನವೆಲ್ಲ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೆಳಗಿನ ನಾಲ್ಕು ರಸ್ತೆಯ ಕೂಡುವಿಕೆಯನ್ನು ಕಾಯುತ್ತಿದ್ದರು. ಅಲ್ಲಿ ಹೋಗುವ ಬರುವ ಡ್ರೈವರುಗಳಲ್ಲಿ ಅವರಿಂದ ಬೈಸಿಕೊಳ್ಳದವನಿಲ್ಲ. ಮಗಳು ಪಿಜ್ಜಾ ಹೊರುತ್ತಾಳೆಂಬುದು ಅವರಿಗೆ ಬೇಸರದ ಸಂಗತಿಯೇನೂ ಆಗಿರಲಿಲ್ಲ. ಆದರೆ ಕಿಟಕಿಯ ಕೆಳಗೆ ನಿಂತು ಮಾತಾಡಿಸುವವರಿಗೆಲ್ಲ ಅವರು ಹೇಳುತ್ತಿದ್ದದ್ದು ಮಗನ ವಿಷಯ.

ಮಗನೆಂದರೆ ಅವಳ ತಮ್ಮ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅವನಿಗೆ ನಾಲ್ಕು ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಅಪ್ಪ ನಸುಕಿಗೇ ಡಿಪೋಗೆ ಹೋಗುತ್ತಿದ್ದದ್ದರಿಂದ ಅವನ ತಲೆ ಬಾಚುವುದು, ಶಾಲೆಗೆ ಬಿಡುವುದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವುದು ಎಲ್ಲ ಇವಳ ಪಾಲಿಗೆ ಬಂದಿತ್ತು. ಶಾಲೆಯ ಅರ್ಜಿಯಲ್ಲಿ ಪೋಷಕರ ಸಹಿ ಎಂದಿದ್ದಲ್ಲಿ ಹದಿನಾಲ್ಕರ ಹುಡುಗಿ ತನ್ನ ಹೆಸರು ಬರೆದು ಮೇಷ್ಟ್ರ ಮುಂದೆ ಎದೆ ಸೆಟೆಸಿ ನಿಂತಿದ್ದಳಂತೆ. ಅವನಿಗಾಗಿಯೇ ಮದುವೆ ಬೇಡವೆಂದಳು ಎಂದು ನೆಂಟರು ಹೇಳುತ್ತಿದ್ದರು. ಅದು ಅಷ್ಟು ನಿಜವಲ್ಲ, ಕೇಳಿಕೊಂಡು ಬಂದವರೂ ಕಡಿಮೆ. ಆದರೆ ಅವಳು ಆ ಮಾತನ್ನು ಅಲ್ಲಗಳೆಯಲೂ ಹೋಗಿರಲಿಲ್ಲ.

ತಮ್ಮ ಆರು ವರ್ಷದ ಹಿಂದೆ ದೂರದ ಒಂದು ಚಳಿ ದೇಶಕ್ಕೆ ಹೋಗಿದ್ದ. ದೊಡ್ಡ ಗೋದಾಮೊಂದರಲ್ಲಿ ಸೂಪರ್‌ವೈಸರ್, ಕೈಕೆಳಗೆ ಹನ್ನೆರಡು ಜನ. ಪ್ರತಿ ಭಾನುವಾರ ಫೋನು. ಅವಳಿಗೆ ಭಾನುವಾರವೂ ರಜೆಯಿಲ್ಲದ್ದರಿಂದ, ಮಧ್ಯಾಹ್ನ ಅಪ್ಪನೊಡನೆ ಮಾತಾಡಿ ಮುಗಿಸಿದವನು ಅವಳಿಗೆ ಇನ್ನೊಂದು ಸಲ ಮಾಡುತ್ತಿದ್ದ. ಅವಳು ಹಿಂಬದಿಯಲ್ಲಿ ರಟ್ಟಿನ ಡಬ್ಬಿ ಮಡಚುತ್ತ ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದಳು. ಸಾವಿರಾರು ಮೈಲಿಯಿಂದ 'ಅಕ್ಕಾ' ಎಂದು ಬರುವ ಆ ದನಿಯನ್ನು ಕೇಳಿಕೇಳಿಯೇ ಉಳಿದವರ ಬಾಯಿಗೂ ಆ ಹೆಸರು ಹತ್ತಿದ್ದು.

ಇಂಥ ಒಂದು ಮಧ್ಯಾಹ್ನ ಅವಳು, ನಿಮ್ಮಲ್ಲಿ ಪಿಜ್ಜಾಕ್ಕೆ ಎಷ್ಟೋ ಎಂದು ಸುಮ್ಮನೆ ಕೇಳಿದಳು. ಅವನು ಹೇಳಿದ. ಅದನ್ನು ಇಲ್ಲಿಯ ದುಡ್ಡಿಗೆ ತಿರುಗಿಸಿದರೆ ಅಬ್ಬಾ ಎನ್ನುವಂತಾಯಿತು. ಹಾಗೆ ತಿರುಗಿಸಬಾರದು ಅಕ್ಕ ಎಂದು ತಮ್ಮ ನಕ್ಕ. ಯಾವ ದೇಶದ ಬೆಲೆಗೆ ಆ ದೇಶದ ಸಂಬಳವನ್ನೇ ಇಟ್ಟು ನೋಡಬೇಕು, ಪಿಜ್ಜಾ ಹೊರುವವನು ತಾನೇ ಒಂದು ಪಿಜ್ಜಾ ಕೊಂಡು ತಿನ್ನಲು ಎಷ್ಟು ಹೊತ್ತು ದುಡಿಯಬೇಕು ಅಂತ ಕೇಳು, ಆಗ ಗೊತ್ತಾಗುತ್ತದೆ ಎಂದ. ಅವನ ದೇಶದಲ್ಲಿ ಐವತ್ತು ನಿಮಿಷವಂತೆ. ಅವಳು ಡಬ್ಬಿ ಮಡಚುವುದನ್ನು ನಿಲ್ಲಿಸಿ ತನ್ನದನ್ನು ಕೂಡಿ ಕಳೆದು ನೋಡಿದಳು. ಒಂದು ದಿನದ ದುಡಿಮೆ ಪೂರ್ತಿ ಹೋಗಿ, ಮರುದಿನದ ಎರಡು ಗಂಟೆಯೂ ಬೇಕಾಗುತ್ತಿತ್ತು. ಪೆಟ್ರೋಲು ಬೇರೆ.

ಈ ಮಾತು ಅಂಗಡಿಯಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಪ್ರತಿಯೊಬ್ಬರಿಗೂ ಎಲ್ಲೋ ಒಂದು ಕಡೆ ಒಬ್ಬ ನೆಂಟನಿದ್ದ. ಮೀಸೆ ಎಂದು ಎಲ್ಲರೂ ಕರೆಯುವ ಡೆಲಿವರಿಯವನ ಭಾವ ಮರಳುಗಾಡಿನ ದೇಶವೊಂದರಲ್ಲಿದ್ದ, ಅಲ್ಲಿ ಮೂರು ಗಂಟೆ. ಇನ್ನೊಬ್ಬನ ಚಿಕ್ಕಪ್ಪನ ಮಗ ಪ್ರವಾಸಿಗರು ಬರುವ ಒಂದು ದ್ವೀಪದಲ್ಲಿ, ಅಲ್ಲಿ ನಾಲ್ಕು ಗಂಟೆ, ಆದರೆ ಭಕ್ಷೀಸು ಜಾಸ್ತಿ. ಹಿಟ್ಟು ನಾದುವವನ ಗೆಳೆಯನಿದ್ದ ದೇಶದಲ್ಲಿ ಎರಡೂವರೆ ದಿನ. ಅದನ್ನು ಕೇಳಿ ಎಲ್ಲರಿಗೂ ಒಂದು ಬಗೆಯ ಸಮಾಧಾನವಾಯಿತು. ಹಿಂಬದಿಯ ಗೋಡೆಯಲ್ಲಿ ಚೀಸು, ಎಣ್ಣೆಯ ಲೆಕ್ಕ ಬರೆಯುವ ಹಲಗೆಯಿತ್ತು. ಅದರ ಕೆಳಗಿನ ಅರ್ಧದಲ್ಲಿ ದೇಶಗಳ ಪಟ್ಟಿ ಬೆಳೆಯಿತು. ಮೇಲಿನ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, 'ಅಕ್ಕನ ತಮ್ಮ - 50 ನಿಮಿಷ'. ಮುಖ್ಯ ಕಚೇರಿಯವರು ತಪಾಸಣೆಗೆ ಬರುವ ಹಿಂದಿನ ದಿನ ಮ್ಯಾನೇಜರ್ ಅದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ. ಒರೆಸುವ ಮೊದಲು ತಾನೂ ಒಂದು ಸಲ ಓದಿಕೊಂಡನಂತೆ.

ಹಲಗೆಯಿಂದ ಅಳಿಸಿದರೂ ಅವಳ ತಲೆಯಿಂದ ಅದು ಹೋಗಲಿಲ್ಲ. ಬಹುಮಹಡಿ ಕಟ್ಟಡದ ಲಿಫ್ಟು ಕೆಟ್ಟಿದ್ದ ದಿನ ಏಳು ಮಹಡಿ ಹತ್ತುವಾಗ, ಬಾಗಿಲು ತೆರೆದವರು ಮುಖವನ್ನೂ ನೋಡದೆ ಡಬ್ಬಿ ಕಿತ್ತುಕೊಳ್ಳುವಂತೆ ತೆಗೆದುಕೊಂಡಾಗ, ಐವತ್ತು ನಿಮಿಷ ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ಅಲ್ಲಿ ಹೊರುವವನೂ ಮನಸ್ಸು ಬಂದ ದಿನ ಒಂದು ಪಿಜ್ಜಾ ಕೊಂಡು ತಿನ್ನುತ್ತಾನೆ. ಅಂಥ ದೇಶದಲ್ಲಿ ತನ್ನ ತಮ್ಮ ಸೂಪರ್‌ವೈಸರ್. ಯಾಕೋ ಅದು ಅವಳ ಕಾಲಿಗೆ ಬಲ ಕೊಡುತ್ತಿತ್ತು.

ಸತ್ಯ ಹೊರಬಿದ್ದದ್ದು ಒಂದು ಮಳೆಯ ಭಾನುವಾರ. ಹಿಂದಿನ ದಿನ ಚೀಲದೊಳಗೆ ನೀರು ಹೋಗಿ ಎರಡು ಡಬ್ಬಿ ನೆನೆದು, ಗಿರಾಕಿ ರಂಪ ಮಾಡಿದ್ದ. ಅವಳು ಅದನ್ನು ತಮ್ಮನಿಗೆ ಹೇಳುತ್ತಿದ್ದಳು. ಅವನು ಅರೆನಿದ್ದೆಯಲ್ಲಿದ್ದವನಂತೆ, ಯೋಚನೆಯಿಲ್ಲದೆ ಹೇಳಿಬಿಟ್ಟ.

"ಜಿಪ್ಪು ಯಾವಾಗ್ಲೂ ಬೆನ್ನಿನ ಕಡೆ ಬರೋ ಹಾಗೆ ಹಾಕ್ಕೋ ಅಕ್ಕ. ಹಿಂದಕ್ಕಿದ್ರೆ ಟೈರಿನ ನೀರೆಲ್ಲ ಅಲ್ಲೇ ಹೊಡೆಯತ್ತೆ. ಒಳಗೊಂದು ಹಳೇ ಟವಲ್ ಹಾಸ್ಕೋ. ನಾನು ಹಾಗೇ ಮಾಡೋದು."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಅವಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. ಹಿಟ್ಟಿನವನು ಪಕ್ಕದಲ್ಲೇ ಇದ್ದ. ಅವಳು ಸ್ಪೀಕರ್ ಆರಿಸಿ, ಫೋನನ್ನು ಕಿವಿಗೆ ಹಿಡಿದು ಹಿಂಬಾಗಿಲ ಮೆಟ್ಟಿಲಿಗೆ ಹೋದಳು.

"ಎಷ್ಟು ದಿನದಿಂದ?" ಎಂದಳು.

"ಮೂರು ವರ್ಷ ಆಗ್ತಾ ಬಂತು. ಅಪ್ಪನಿಗೆ ಹೇಳ್ಬೇಡ."

ಗೋದಾಮಿನ ಕೆಲಸ ನಿಜವಾಗಿಯೂ ಇತ್ತು, ಸೂಪರ್‌ವೈಸರ್ ಎಂಬುದು ಮಾತ್ರ ಸುಳ್ಳು. ಮೂರು ವರ್ಷವಾಗುವಷ್ಟರಲ್ಲಿ ಅಲ್ಲಿ ಅರ್ಧ ಜನರನ್ನು ತೆಗೆದಿದ್ದರು. ಅಂದಿನಿಂದ ಮೋಟಾರಿರುವ ಸೈಕಲ್ಲಿನಲ್ಲಿ ಪಿಜ್ಜಾ ಹೊರುತ್ತಿದ್ದ. ಐವತ್ತು ನಿಮಿಷದ ಮಾತು ಸುಳ್ಳಾ ಎಂದು ಕೇಳಿದಳು. ಸುಳ್ಳಲ್ಲ, ಆದರೆ ಅದು ಪೆಡಲ್ ತುಳಿಯುವ ಐವತ್ತು ನಿಮಿಷ ಎಂದ. ಆರ್ಡರಿಗಾಗಿ ಮೂಲೆಯಲ್ಲಿ ನಿಂತು ಕಾಯುವ ಹೊತ್ತಿಗೆ ಯಾರೂ ಏನೂ ಕೊಡುವುದಿಲ್ಲ. ಸೈಕಲ್ ತನ್ನದೇ, ಕೆಟ್ಟರೆ ರಿಪೇರಿ ತನ್ನದೇ, ಬಿದ್ದರೆ ಆಸ್ಪತ್ರೆ ತನ್ನದೇ. ಒಂದು ಕೋಣೆಯಲ್ಲಿ ನಾಲ್ವರು, ಹಾಸಿಗೆ ಮೂರು, ಯಾರಾದರೊಬ್ಬರು ಯಾವಾಗಲೂ ಕೆಲಸದಲ್ಲಿರುತ್ತಾರೆಂಬ ಭರವಸೆ.

"ಇಲ್ಲಿ ಪಿಜ್ಜಾ ಅಗ್ಗ ಅಕ್ಕ. ಮಲಗೋ ಜಾಗ ದುಬಾರಿ. ತಿಂಗಳಲ್ಲಿ ಹದಿನೆಂಟು ದಿನ ನಾನು ದುಡಿಯೋದು ಬರೀ ಆ ಹಾಸಿಗೆಗೆ."

ಅವಳಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿ ಫೋನಿಟ್ಟಳು. ಅಪ್ಪನಿಗೆ ಹೇಳಲಿಲ್ಲ.

ಅದಾದ ಮೇಲಿನ ತಿಂಗಳುಗಳೇ ಅವರಿಬ್ಬರ ಒಳ್ಳೆಯ ದಿನಗಳಾದವು. ಮುಚ್ಚಿಡುವುದು ಏನೂ ಉಳಿಯದ ಮೇಲೆ ತಮ್ಮನ ನಾಲಿಗೆ ಸಡಿಲವಾಯಿತು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಇವಳ ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತು, ಅಲ್ಲಿ ಅವನು ಬೆಳಗಿನ ಮೊದಲ ಆರ್ಡರಿಗೆ ಕಾಯುವ ಹೊತ್ತು. ಭಾನುವಾರಕ್ಕಷ್ಟೇ ಇದ್ದ ಫೋನು ದಿನವೂ ಬರತೊಡಗಿತು. ಇವಳು ತನ್ನ ಮೆಟ್ಟಿಲ ಮೇಲೆ, ಅವನು ಯಾವುದೋ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ. ನಾಯಿಗಳ ವಿಷಯ, ತಪ್ಪು ವಿಳಾಸ ಕೊಡುವವರ ವಿಷಯ, ಸ್ನಾನದ ಮನೆಯಿಂದಲೇ ಬಾಗಿಲು ತೆರೆದು ಬರುವ ಗಂಡಸರ ವಿಷಯ. ಅಲ್ಲೊಬ್ಬ ಮುದುಕ ದಿನಾ ಅರ್ಧ ಪಿಜ್ಜಾ ತರಿಸಿ, ಇನ್ನರ್ಧದ ಗಿರಾಕಿ ಎಲ್ಲಿ ಎಂದು ಇವನನ್ನೇ ವಿಚಾರಿಸುತ್ತಿದ್ದನಂತೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಇಷ್ಟು ವರ್ಷ ಬೆಳೆಸಿದ ತಮ್ಮನನ್ನು ಈಗ ಮೊದಲ ಸಲ ಸರೀಕನಂತೆ ಕಂಡಳು.

ಚಳಿಗಾಲ ಕಾಲಿಡುವ ಹೊತ್ತಿಗೆ ಅವನ ಮಾತು ಕಡಿಮೆಯಾಗುತ್ತ ಬಂತು. ಕೈಬೆರಳು ಮರಗಟ್ಟಿ ಬ್ರೇಕು ಹಿಡಿಯಲು ಆಗುವುದಿಲ್ಲ ಎನ್ನುತ್ತಿದ್ದ. ಒಂದು ಸಲ ಬಿದ್ದು ಮೊಣಕಾಲು ತರಚಿಕೊಂಡೆನೆಂದ. ಜೊತೆಯವನೊಬ್ಬ ಊರಿಗೆ ಹೊರಟುಹೋದ ಎಂದ. ಆಮೇಲೆ ಒಂದು ದಿನ, ತೀರ ಸಣ್ಣ ದನಿಯಲ್ಲಿ ಕೇಳಿದ.

"ನಾನು ಬಂದ್ಬಿಡ್ಲಾ ಅಕ್ಕ? ನಿನ್ನ ಅಂಗಡೀಲೇ ಸೇರ್ಕೋತೀನಿ. ಇಬ್ರೂ ಒಟ್ಟಿಗೆ ಓಡಿಸೋಣ."

ಆ ವಾರ ಮನೆಯಲ್ಲಿ ಏನು ನಡೆದಿತ್ತೆಂದರೆ, ಅಪ್ಪನ ಎಡಗೈಯ ಎರಡು ಬೆರಳು ಅಲುಗಿದ್ದವು. ತಮ್ಮ ತಿಂಗಳು ತಿಂಗಳು ಕಳಿಸುವ ಹಣದಲ್ಲಿ ಆರು ತಿಂಗಳಿಂದ ಒಬ್ಬ ವ್ಯಾಯಾಮದವನು ವಾರಕ್ಕೆ ಮೂರು ದಿನ ಮನೆಗೆ ಬಂದು ಅಪ್ಪನ ಕೈಕಾಲು ನೀವಿ ಆಡಿಸುತ್ತಿದ್ದ. ಬೆರಳು ಅಲುಗಿದ ದಿನ ಅಪ್ಪ ಕಿಟಕಿಯಿಂದ ಇಡೀ ಬೀದಿಗೆ ಕೈಯೆತ್ತಿ ತೋರಿಸಿದ್ದರು. ಬೇಸಿಗೆಯೊಳಗೆ ಕೋಲು ಹಿಡಿದು ಮೆಟ್ಟಿಲಿಳಿಯಬಹುದು ಎಂದು ವ್ಯಾಯಾಮದವನು ಹೇಳಿದ್ದ. ಅವಳ ತಲೆಯಲ್ಲಿ ಇದ್ದದ್ದು ಆ ಮೆಟ್ಟಿಲು.

"ಹುಚ್ಚು ಹಿಡಿದಿದ್ಯಾ?" ಎಂದಳು. "ನೀನಲ್ಲಿ ಒಂದು ಗಂಟೇಲಿ ಮಾಡೋದನ್ನ ನಾನಿಲ್ಲಿ ಇಡೀ ದಿನ ಮಾಡ್ಬೇಕು. ಈ ಚಳಿಗಾಲ ಒಂದು ಕಳೀಲಿ. ಅಪ್ಪ ಎದ್ದು ಓಡಾಡೋ ಹಾಗೆ ಆಗ್ಲಿ. ಆಮೇಲೆ ಬಾ."

ಆ ಒಂದು ಗಂಟೆಯ ಹಿಂದೆ ಏನೇನಿದೆ ಎಂದು ಅವನೇ ಬಿಡಿಸಿ ಹೇಳಿದ್ದ. ಹಾಸಿಗೆಯ ಲೆಕ್ಕವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಲಗೆಯ ಮೇಲಿನ ಆ ಸಾಲನ್ನೇ ಅವನ ಮುಖಕ್ಕೆ ಹಿಡಿದಳು. ಸರಿ ಅಕ್ಕ ಎಂದ ಅವನು. ನಾಲ್ಕು ವರ್ಷದವನಿದ್ದಾಗಿನಿಂದ ಅವಳ ಯಾವ ಮಾತಿಗೂ ಅವನು ಎದುರಾಡಿದವನಲ್ಲ.

ಅದಾಗಿ ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಅವಳು ಎರಡು ಪಿಜ್ಜಾ ಹೊತ್ತು ಒಂದು ಕಟ್ಟಡದ ಲಿಫ್ಟಿನ ಮುಂದೆ ನಿಂತಿದ್ದಳು. ಫೋನು ಬಡಿಯಿತು. ತಮ್ಮನ ನಂಬರು. ಇವತ್ತೇನು ಇಷ್ಟು ಬೇಗ ಎದ್ದುಬಿಟ್ಟಿದ್ದೀಯ ಎಂದಳು. ಆ ಕಡೆ ಅವನಲ್ಲ. ಕೋಣೆಯ ಜೊತೆಗಾರ, ಬೇರೆ ದೇಶದವನು, ಬೇರೆ ಭಾಷೆಯವನು. ಇಬ್ಬರಿಗೂ ಅರ್ಧಂಬರ್ಧ ಬರುವ ಮೂರನೆಯ ಭಾಷೆಯೊಂದರಲ್ಲಿ ಅವನು ನಾಲ್ಕೈದು ಪದಗಳನ್ನು ಮತ್ತೆ ಮತ್ತೆ ಹೇಳಿದ. ನಿನ್ನೆ ಸಂಜೆ. ರಸ್ತೆ. ಮಂಜುಗಡ್ಡೆ. ವ್ಯಾನು. ಕೊನೆಯ ಪದವನ್ನು ಹೇಳಲಾರದೆ ಅತ್ತ. ಅಳುವುದಕ್ಕೆ ಭಾಷೆ ಬೇಕಿರಲಿಲ್ಲ, ಅವಳಿಗೆ ಅರ್ಥವಾಯಿತು.

ಲಿಫ್ಟು ಬಂತು. ಅವಳು ಹತ್ತಿದಳು. ಯಾಕೆ ಹತ್ತಿದೆ ಎಂದು ಆಮೇಲೆ ಅವಳು ತನ್ನನ್ನು ತಾನೇ ಕೇಳಿಕೊಂಡದ್ದುಂಟು. ಕೈಯಲ್ಲಿ ಇನ್ನೊಬ್ಬರ ಊಟವಿತ್ತು, ಅಷ್ಟೇ ತೋಚಿದ್ದು. ಐದನೆಯ ಮಹಡಿಯಲ್ಲಿ ಬಾಗಿಲು ತೆರೆದ ಹೆಂಗಸು ಹನ್ನೊಂದು ನಿಮಿಷ ತಡವಾಯಿತೆಂದಳು. ತಪ್ಪಾಯಿತು ಎಂದು ಹೇಳಿ, ಡಬ್ಬಿಯ ಕೆಳಗೆ ಬಿಸಿಯಿದೆ ಹುಷಾರು ಎಂದೂ ಹೇಳಿ ಇಳಿದು ಬಂದಳು. ಅಂಗಡಿಗೆ ಹೋಗಿ ಚೀಲವನ್ನು ಅದರ ಜಾಗದಲ್ಲಿಟ್ಟಳು. ಮ್ಯಾನೇಜರಿನ ಹತ್ತಿರ ಹೋಗಿ, ತಮ್ಮ ಹೋಗಿಬಿಟ್ಟ ಎಂದಳು. ಎಲ್ಲಿಗೆ ಎಂದು ಕೇಳಿದ ಅವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಊಟದ ಹೊತ್ತಿನ ನೂಕುನುಗ್ಗಲನ್ನು ಹಿಟ್ಟಿನವನ ಕೈಗೆ ಒಪ್ಪಿಸಿ, ಅವಳ ಕೈಯಿಂದ ಕೀಲಿ ತೆಗೆದುಕೊಂಡು, ಅವಳ ಸ್ಕೂಟರಿನಲ್ಲೇ ಅವಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟ. ಕೆಲಸಕ್ಕೆ ಸೇರಿದ ಮೂರು ವರ್ಷದಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದಳು.

ಅಪ್ಪ ಕಿಟಕಿಯಿಂದ ನೋಡಿದರು. ಮಗಳ ಗಾಡಿಯನ್ನು ಬೇರೆ ಯಾರೋ ಓಡಿಸುತ್ತಿದ್ದಾರೆ, ಮಗಳು ಹಿಂದೆ ಕೂತಿದ್ದಾಳೆ. ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕಾಯುತ್ತಿದ್ದರು. ನಿನಗೇನಾಯಿತು ಎಂದರು. ನನಗೇನೂ ಆಗಿಲ್ಲ ಎಂದಳು. ಹಾಗಾದರೆ ಅವನಿಗಾ ಎಂದರು.

ಅವಳು ಹೇಳಿದಳು. ಅಪ್ಪ ಅಳಲಿಲ್ಲ. ಡ್ರೈವರ್ ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ರಸ್ತೆ ಒದ್ದೆಯಿತ್ತಾ, ತಿರುವಿನಲ್ಲಾ ನೇರದಲ್ಲಾ, ವ್ಯಾನು ಎದುರಿಂದ ಬಂತಾ ಹಿಂದಿನಿಂದ ಬಂತಾ. ಕೊನೆಗೆ, ಅವನು ಯಾವ ಗಾಡಿಯಲ್ಲಿದ್ದ ಎಂದರು. ಕಾರು ಎಂದಿದ್ದರೆ ಮುಗಿಯುತ್ತಿತ್ತು. ಅವಳಿಗೆ ಇನ್ನು ಸುಳ್ಳು ಹೇಳಲಾಗಲಿಲ್ಲ.

"ಸೈಕಲ್ಲಲ್ಲಿದ್ದ ಅಪ್ಪ. ಮೋಟಾರ್ ಇರೋ ಸೈಕಲ್ಲು. ಪಿಜ್ಜಾ ಕೊಡೋಕೆ ಹೋಗ್ತಿದ್ದ. ಮೂರೂವರೆ ವರ್ಷದಿಂದ ಅದೇ ಕೆಲ್ಸ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಪ್ಪ ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು. ಕೆಳಗೆ ಕೂಡುವಿಕೆಯಲ್ಲಿ ಯಾರೋ ಉದ್ದಕ್ಕೆ ಹಾರನ್ ಹೊಡೆದರು. ಅವರು ತಿರುಗಿ ನೋಡಲಿಲ್ಲ.

"ಮೂವತ್ತೊಂದು ವರ್ಷ ನಾನಿನ್ನೇನು ಮಾಡ್ದೆ? ಜನರನ್ನ ತುಂಬ್ಕೊಂಡು ಹೋಗಿ ಇಳಿಸ್ದೆ. ಅವನು ಊಟ ತಗೊಂಡು ಹೋಗಿ ಇಳಿಸ್ತಿದ್ದ. ನನ್ನ ಹತ್ರ ಮುಚ್ಚಿಡೋವಂಥದ್ದು ಏನಿತ್ತು ಅದ್ರಲ್ಲಿ?" ಎಂದರು. "ಬೆಟ್ಟದ ರೂಟಲ್ಲಿ ಎರಡು ವರ್ಷ ಓಡಿಸಿದ್ದೀನಿ ನಾನು. ನೀರು ಹೆಪ್ಪುಗಟ್ಟಿದ ರಸ್ತೆ ಗೊತ್ತು ನನಗೆ. ಕೇಳಿದ್ರೆ ಹೇಳಿಕೊಡ್ತಿದ್ದೆ."

ಬರಬೇಡ, ಚಳಿಗಾಲ ಕಳೆಯಲಿ ಎಂದು ತಾನು ಹೇಳಿದ್ದನ್ನು ಅವಳು ಆಗ ಹೇಳಲಿಲ್ಲ. ಅದನ್ನು ಹೇಳುವ ಧೈರ್ಯ ಬರಲು ಇನ್ನೂ ತಿಂಗಳುಗಳು ಬೇಕಾದವು.

ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ಕರೆತರುವುದಾಗಲಿ ಇವರು ಹೋಗುವುದಾಗಲಿ ಆಗುವ ಮಾತಾಗಿರಲಿಲ್ಲ. ಆ ಊರಿನ ಡೆಲಿವರಿಯವರೆಲ್ಲ ಒಂದು ಬೆಳಿಗ್ಗೆ ಕೆಲಸ ಬಿಟ್ಟು ಸೇರಿದ್ದರು. ಜೊತೆಗಾರ ಫೋನಿನಲ್ಲಿ ತೋರಿಸಿದ. ಬಿಳಿಯ ನೆಲ, ಬಿಳಿಯ ಆಕಾಶ, ನಡುವೆ ಬಣ್ಣಬಣ್ಣದ ಚೀಲ ಹೊತ್ತ ಅರುವತ್ತೆಪ್ಪತ್ತು ಸೈಕಲ್ಲುಗಳು ಸಾಲಾಗಿ, ಸದ್ದಿಲ್ಲದೆ, ತೀರ ನಿಧಾನಕ್ಕೆ ಹೋಗುತ್ತಿದ್ದವು. ಬೇರೆ ಬೇರೆ ಕಂಪನಿಗಳ ಬಣ್ಣ. ಅಪ್ಪ ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದುಕೊಂಡು ನೋಡಿದರು. ಒಬ್ಬರಾದರೂ ಲೈನು ಬಿಟ್ಟು ಓಡಿಸುತ್ತಿಲ್ಲ ಎಂದರು.

ಎರಡು ತಿಂಗಳ ಮೇಲೆ ಜೊತೆಗಾರ ಕಳಿಸಿದ ಒಂದು ಪಾರ್ಸಲ್ ಬಂತು. ಒಂದು ದಪ್ಪ ಜಾಕೆಟ್ಟು, ಮೂರು ಅಂಗಿ, ಒಂದೇ ಕೈಯ ಕೈಗವಸು. ಜೊತೆಗೆ ಮಡಚಿದ ಒಂದು ಕಾಗದ. ಯಾರೋ ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ ಅಚ್ಚು ಹಾಕಿದ್ದರು. ಸಾಲುಗಳು ಸೊಟ್ಟಪಟ್ಟವಾಗಿದ್ದವು. 'ಗೌರವಾನ್ವಿತ ಸಹೋದರಿಯೇ, ನಾನು ಆ ಸಂಜೆ ಪಿಜ್ಜಾವನ್ನು ಆದೇಶಿಸಿದ ಮಹಿಳೆ ಆಗಿದ್ದೇನೆ' ಎಂದು ಶುರುವಾಗುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಮೊದಲ ಸಾಲಿಗೇ ನಕ್ಕುಬಿಡುತ್ತಿದ್ದಳೇನೋ.

ಆ ಹೆಂಗಸು ಬರೆದದ್ದು ಇಷ್ಟು. ಪಿಜ್ಜಾ ಅಂಗಡಿ ಅವಳ ಮನೆಯಿಂದ ಎರಡು ಬೀದಿ ಆಚೆಗಿತ್ತು. ನಡೆದೇ ಹೋಗಬಹುದಿತ್ತು. ಹೊರಗೆ ವಿಪರೀತ ಚಳಿಯಿತ್ತು, ರಸ್ತೆ ಜಾರುತ್ತಿತ್ತು, ಅದಕ್ಕೇ ತರಿಸಿಕೊಂಡಳು. ಕಿಟಕಿಯ ಕೆಳಗೆ ಸದ್ದಾದಾಗ ಮನೆಯ ಚಪ್ಪಲಿಯಲ್ಲೇ ಇಳಿದು ಬಂದಳು. ಅವನ ಒಂದು ಕೈಯ ಗವಸು ಎಲ್ಲೋ ಬಿದ್ದುಹೋಗಿತ್ತು. ಆ ಕೈಯನ್ನು ತನ್ನ ಕೋಟಿನೊಳಗೆ ಇಟ್ಟುಕೊಂಡು ಆಂಬುಲೆನ್ಸ್ ಬರುವವರೆಗೆ ರಸ್ತೆಯಲ್ಲೇ ಕೂತಿದ್ದಳು. ಅವನಿಗೆ ನೋವು ಇದ್ದಂತೆ ಕಾಣಲಿಲ್ಲ ಎಂದು ಎರಡು ಸಲ ಬರೆದಿದ್ದಳು. ಆವತ್ತಿನಿಂದ ತಾನು ಏನನ್ನೂ ತರಿಸಿಲ್ಲ, ತನ್ನನ್ನು ಕ್ಷಮಿಸಲು ಸಾಧ್ಯವೇ ಎಂದು ಕೇಳಿದ್ದಳು.

ಆ ಕಾಗದವನ್ನು ಓದಿದವಳು ಅದನ್ನು ತನ್ನ ಹಾಸಿಗೆಯ ಅಡಿಯಲ್ಲಿಟ್ಟುಕೊಂಡು ಹತ್ತು ದಿನ ಕಳೆದಳು. ಆ ಹೆಂಗಸಿನ ಮೇಲೆ ಕೋಪ ಮಾಡಿಕೊಳ್ಳಲು ಪ್ರಯತ್ನಿಸಿದಳು. ತನಗೂ ದಿನಕ್ಕೆ ಮೂವತ್ತು ಮನೆಯವರು ಅಂಥವರೇ ಸಿಗುತ್ತಾರೆ, ಅವರು ತರಿಸಿಕೊಳ್ಳುವುದರಿಂದಲೇ ತನ್ನ ಒಲೆ ಉರಿಯುವುದು. ಅವರಲ್ಲಿ ಎಷ್ಟು ಜನ ತನಗಾಗಿ ಮೆಟ್ಟಿಲಿಳಿದು ಬಂದಾರು ಎಂದು ಯೋಚಿಸಿದಳು. ಕೋಪ ನಿಲ್ಲಲಿಲ್ಲ. ಹನ್ನೊಂದನೆಯ ದಿನ ಉತ್ತರ ಬರೆಯಲು ಕೂತು, ನಾಲ್ಕು ಸಲ ಹರಿದು ಹಾಕಿ, ಕೊನೆಗೆ ಎರಡೇ ಸಾಲು ಬರೆದು ಜೊತೆಗಾರನಿಗೆ ಕಳಿಸಿದಳು. ನೀವು ಅವನ ಕೈ ಹಿಡಿದುಕೊಂಡಿರಿ, ಅಷ್ಟು ಸಾಕು. ಅವನು ವಾಪಸ್ ಬರುತ್ತೇನೆ ಅಂದಾಗ ಬೇಡ ಅಂದವಳು ನಾನು.

ಆ ಮಾತನ್ನು ಅವಳು ಮೊದಲ ಸಲ ಹೊರಗೆ ಹಾಕಿದ್ದು ಮುಖ ಕಾಣದ ಆ ಹೆಂಗಸಿನ ಮುಂದೆ. ಅದೇ ಸಂಜೆ ಅಪ್ಪನಿಗೂ ಹೇಳಿದಳು. ಬೇಸಿಗೆಯೊಳಗೆ ಮೆಟ್ಟಿಲಿಳಿಯಬಹುದು ಎಂದು ವ್ಯಾಯಾಮದವನು ಹೇಳಿದ್ದನ್ನೂ ಸೇರಿಸಿ ಹೇಳಿದಳು. ಅಪ್ಪ ತಮ್ಮ ಎಡಗೈಯ ಆ ಎರಡು ಬೆರಳನ್ನು ನೋಡಿಕೊಂಡರು. ಆಮೇಲೆ, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದರು. ಅದು ನಿಜವೋ ಅವಳನ್ನು ಸಮಾಧಾನ ಮಾಡಲು ಹೇಳಿದ್ದೋ ಅವಳಿಗೆ ಗೊತ್ತಾಗಲಿಲ್ಲ. ಕೇಳಲೂ ಹೋಗಲಿಲ್ಲ.

ವ್ಯಾಯಾಮದವನನ್ನು ಬಿಡಿಸಬೇಕಾಯಿತು. ಅಪ್ಪನ ಎರಡು ಬೆರಳು ಎಲ್ಲಿಯವರೆಗೆ ಬಂದಿದ್ದವೋ ಅಲ್ಲಿಗೇ ನಿಂತವು. ಅವಳು ಅದೇ ಅಂಗಡಿಯಲ್ಲಿದ್ದಾಳೆ, ಈಗ ಎರಡು ಗಂಟೆ ಹೆಚ್ಚು ಓಡಿಸುತ್ತಾಳೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹಿಂದಿನ ಮೆಟ್ಟಿಲಿಗೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಆರ್ಡರ್ ಬಂದರೆ ಕೇಳದೆಯೇ ಅವಳ ಕೈಗೆ ಕೊಡುತ್ತಾರೆ. ಬಾರದಿದ್ದರೆ ಮೀಸೆ ಅವಳ ಪಕ್ಕ ಬಂದು ಕೂತು ತನ್ನ ಮಗಳ ತುಂಟಾಟ ಹೇಳುತ್ತಾನೆ. ಅವಳು ಕೇಳುತ್ತಾಳೆ.

ಅಲ್ಲಿ ಮಂಜು ಕರಗಿದ ಮೇಲೆ ಜೊತೆಗಾರ ತಮ್ಮ ಬಿದ್ದ ಜಾಗದ ಒಂದು ಫೋಟೋ ಕಳಿಸಿದ. ತಿರುಗಿ ಹೋಗುವ ಬರಿಯ ಬೂದು ರಸ್ತೆ, ಪಕ್ಕದಲ್ಲಿ ಎಲೆಯಿಲ್ಲದ ಒಂದು ಮರ, ಒಂದು ಮನೆಯ ಮೆಟ್ಟಿಲು. ಅವಳು ಅದನ್ನು ಅಪ್ಪನಿಗೆ ತೋರಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಸಂಜೆಯ ಪಾಳಿಗೆ ಹೊರಡುವ ಮುನ್ನ ತೋರಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು.

"ಈ ತಿರುವು ಸರಿ ಇಲ್ಲ," ಎಂದರು. "ರಸ್ತೆ ಹೊರಗಡೆಗೆ ಇಳಿಜಾರಿದೆ ನೋಡು. ಒಳಗಡೆಗೆ ಇರ್ಬೇಕಿತ್ತು. ಇಂಥ ಕಡೆ ಬ್ರೇಕ್ ಮುಟ್ಟಬಾರ್ದು, ಮೊದಲೇ ನಿಧಾನ ಮಾಡ್ಕೊಂಡು ಬಂದು, ಗಾಡೀನ ಅದರ ಪಾಡಿಗೆ ಬಿಡ್ಬೇಕು."

ಬಲಗೈಯನ್ನು ಓರೆಯಾಗಿ ಹಿಡಿದು ಇಳಿಜಾರನ್ನು ತೋರಿಸಿದರು. ಗಾಡಿ ಎಲ್ಲಿ ವಾಲಬೇಕು, ಭಾರ ಎಲ್ಲಿಗೆ ಬರಬೇಕು, ಕಣ್ಣು ಎಲ್ಲಿರಬೇಕು ಎಂದು ಒಂದೊಂದನ್ನೂ ಬಿಡಿಸಿ ಹೇಳತೊಡಗಿದರು. ಪಾಳಿಗೆ ಹೊತ್ತಾಗುತ್ತಿತ್ತು. ಅವಳು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಅವರ ಕಾಲ ಹತ್ತಿರ ಕೂತು, ಅವರು ಹೇಳಿ ಮುಗಿಸುವವರೆಗೆ ಕೇಳಿದಳು.